ಕಾಡಿನದಲ್ಲದ ಕಾಡು ಕೊತ್ತಂಬರಿ

ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲಿ ನಾನು ಅತ್ತೆಯ ಹಿತ್ತಿಲನ್ನು ಚೊಕ್ಕ ಮಾಡಿದೆ. ಮಾಡು ಎಂದು ಯಾರೂ ಹೇಳಿರಲಿಲ್ಲ. ಹೊಸ ಮನೆ, ಹೊಸ ಜನ. ಕೈ ಕಟ್ಟಿ ಕೂರಲು ಮನಸ್ಸು ಒಪ್ಪಲಿಲ್ಲ. ಆವತ್ತು ಮಳೆ ಒಂದು ಗಂಟೆ ಬಿಡುವು ಕೊಟ್ಟಿತ್ತು. ಬಚ್ಚಲ ನೀರು ಹೋಗುವ ಕಾಲುವೆಯ ಪಕ್ಕ, ಬಾಳೆಯ ಬುಡದಲ್ಲಿ, ನೆಲಕ್ಕೆ ಅಂಟಿಕೊಂಡು ಏನೋ ಒಂದು ಗಿಡ ಹಬ್ಬಿತ್ತು. ಉದ್ದ ಎಲೆ, ಅಂಚಿಗೆಲ್ಲ ಗರಗಸದ ಹಲ್ಲು. ನಡುವಿನಿಂದ ಎದ್ದ ಕಡ್ಡಿಯ ತುದಿಯಲ್ಲಿ ಮುಳ್ಳುಮುಳ್ಳಾದ ಹಸಿರು ನಕ್ಷತ್ರ. ಬರಿಗಾಲಿಗೆ ಚುಚ್ಚಿತು. ಕಳೆ ಎಂದುಕೊಂಡು ಕತ್ತಿ ಹಾಕಿ ಬುಡಸಮೇತ ಎಬ್ಬಿದೆ.

ಎಬ್ಬುತ್ತಿದ್ದ ಹಾಗೆ ಎಲ್ಲಿಂದಲೋ ಕೊತ್ತಂಬರಿ ಸೊಪ್ಪಿನ ಪರಿಮಳ ಬಂತು. ಅಡುಗೆಮನೆ ಕಡೆ ತಿರುಗಿ ನೋಡಿದೆ. ಒಲೆ ಇನ್ನೂ ಹಚ್ಚಿರಲಿಲ್ಲ. ಮೂಗಿನ ಹತ್ತಿರ ಕೈ ತಂದಾಗ ಗೊತ್ತಾಯಿತು. ಪರಿಮಳ ನನ್ನ ಬೆರಳಲ್ಲೇ ಇತ್ತು.

ಅತ್ತೆ ಬಂದು ಗುಡ್ಡೆ ನೋಡಿದರು. ಬೈಯಲಿಲ್ಲ. ಬಗ್ಗಿ, ಎಳೆ ಎಲೆಗಳನ್ನೆಲ್ಲ ಆರಿಸಿ ಸೆರಗಿಗೆ ಹಾಕಿಕೊಂಡರು. ಅಂದು ಸಂಜೆಯ ಹುರುಳಿ ಸಾರಿಗೆ ಅದೇ ಹೋಯಿತು. ಮುಳ್ಳಿನ ಕಡ್ಡಿಗಳನ್ನು ಕೈಯಲ್ಲಿ ಹಿಡಿದು, ಗೋಡೆಯ ಉದ್ದಕ್ಕೂ ನಡೆಯುತ್ತಾ ಮೆಲ್ಲಗೆ ಕೊಡವಿದರು. "ಬತ್ತದೆ ಬಿಡು" ಎಂದರು. ಅಷ್ಟೇ.

ಇದು 2003ರ ಮಾತು. ನಮ್ಮ ಮನೆ ಇರುವುದು ತೀರ್ಥಹಳ್ಳಿಯ ಹತ್ತಿರದ ಒಂದು ಸಣ್ಣ ಊರಿನಲ್ಲಿ. ನಾನು ಹುಟ್ಟಿ ಬೆಳೆದದ್ದು ಹರಿಹರದ ಕಡೆ. ನಮ್ಮಪ್ಪನ ಹೊಲದಲ್ಲಿ ಹಿಂಗಾರಿಗೆ ಕಡಲೆ ಬಿತ್ತುವಾಗ ಸಾಲಿನ ನಡುವೆ ಒಂದಿಷ್ಟು ಕೊತ್ತಂಬರಿ ಬೀಜ ಎರಚುತ್ತಿದ್ದರು. ಎರೆಮಣ್ಣು, ಇಬ್ಬನಿ, ಎಳೆಬಿಸಿಲು. ಅದಕ್ಕೆ ಬೇರೆ ಆರೈಕೆ ಬೇಕಿರಲಿಲ್ಲ. ಕಡಲೆ ಕೀಳಲು ಹೋದರೆ ಲಂಗವೆಲ್ಲ ಕೊತ್ತಂಬರಿ ವಾಸನೆ. ನನ್ನ ಮಟ್ಟಿಗೆ ಊರಿನ ವಾಸನೆ ಎಂದರೆ ಅದೇ.

ಹಾಗಾಗಿ ಮಲೆನಾಡಿಗೆ ಬಂದ ಕೂಡಲೇ ನಾನು ಮಾಡಿದ ಇನ್ನೊಂದು ಕೆಲಸ ಕೊತ್ತಂಬರಿ ಬಿತ್ತಿದ್ದು. ಬೀಜವನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ, ಮಡಿ ಕಟ್ಟಿ ಹಾಕಿದೆ. ಮೊಳಕೆ ಚೆನ್ನಾಗೇ ಬಂತು. ಆರಿದ್ರಾ ಮಳೆ ಹಿಡಿಯಿತು ನೋಡಿ, ಮೂರೇ ದಿನದಲ್ಲಿ ಎಲ್ಲ ನೆಲಕ್ಕೊರಗಿ ಕೊಳೆತು ಹೋಯಿತು. ಮತ್ತೆ ಹಾಕಿದೆ, ಪುನರ್ವಸುವಿನಲ್ಲಿ ಅದೂ ಹೋಯಿತು. ನಮ್ಮಿಂದ ಸ್ವಲ್ಪ ದೂರದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ನಮ್ಮೂರಿಗೆ ಅಷ್ಟಿಲ್ಲ. ಆದರೂ ಹರಿಹರದ ಹುಡುಗಿ ಕಂಡಿದ್ದ ಮಳೆಗೂ ಇದಕ್ಕೂ ಹೋಲಿಕೆಯೇ ಇಲ್ಲ. ತಿಂಗಳುಗಟ್ಟಲೆ ಬಿಸಿಲು ಕಾಣದ ನೆಲದಲ್ಲಿ ಆ ಬಯಲುಸೀಮೆ ಗಿಡ ಬದುಕುವುದಾದರೂ ಹೇಗೆ? ಸಂತೆಯಲ್ಲಿ ಸಿಗುವ ಕಟ್ಟೂ ಬಯಲಿನಿಂದಲೇ ಲಾರಿಯಲ್ಲಿ ಬರುತ್ತಿತ್ತು. ಮನೆಗೆ ತರುವಷ್ಟರಲ್ಲಿ ನಡುವಿನ ಎಲೆಗಳು ಲೋಳೆಯಾಗಿರುತ್ತಿದ್ದವು.

ಅದೇ ಹೊತ್ತಿಗೆ ಗೋಡೆಯ ಬುಡದಲ್ಲಿ, ಅತ್ತೆ ಕಡ್ಡಿ ಕೊಡವಿದ ಸಾಲಿನಲ್ಲಿ, ಹಸಿರು ಚುಕ್ಕಿಗಳು ಎದ್ದಿದ್ದವು. ಮಳೆ ಜಾಸ್ತಿಯಾದಷ್ಟೂ ಅವು ಅಗಲವಾದವು.

ಇದನ್ನು ಕಂಡಿರದವರಿಗೆ ಸ್ವಲ್ಪ ವಿವರ ಹೇಳುತ್ತೇನೆ. ಕಾಡು ಕೊತ್ತಂಬರಿಗೆ ನಾವು ನೀವು ತಿಳಿದ ಕೊತ್ತಂಬರಿಯ ಚೂರೂ ಹೋಲಿಕೆಯಿಲ್ಲ. ಕಾಂಡ ಎಂಬುದೇ ಕಾಣುವುದಿಲ್ಲ. ಮೂಲಂಗಿಯ ಹಾಗೆ ಎಲೆಗಳೆಲ್ಲ ಬುಡದಿಂದಲೇ ಹೊರಟು, ಸುತ್ತಲೂ ನೆಲದ ಮೇಲೆ ಚಕ್ರದಂತೆ ಹರಡುತ್ತವೆ. ನೆರಳು, ತೇವ ಎರಡೂ ಸರಿ ಇದ್ದರೆ ಒಂದು ಎಲೆ ಗೇಣುದ್ದ ಬರುತ್ತದೆ. ಗಿಡದ ಶಾಸ್ತ್ರೀಯ ಹೆಸರು ಎರಿಂಜಿಯಂ ಫೀಟಿಡಂ. ನಮ್ಮ ಕೊತ್ತಂಬರಿಯ ಕುಟುಂಬವೇ. ಜೀರಿಗೆ, ಓಂಕಾಳು, ಸೋಂಪು, ಕ್ಯಾರೆಟ್ ಎಲ್ಲ ಇದರ ನೆಂಟರು. ನಮ್ಮ ತೋಟದ ಒಂದೆಲಗವೂ ಅದೇ ಕುಟುಂಬದ್ದು ಎಂದು ತಿಳಿದ ದಿನ ನನಗೆ ಬಹಳ ಖುಷಿಯಾಯಿತು. ಅವೆರಡೂ ಕಾಲುವೆಯ ಬದಿಯಲ್ಲಿ ಒಂದರ ಪಕ್ಕ ಒಂದು ಬೆಳೆಯುವುದನ್ನು ಎಷ್ಟೋ ವರ್ಷದಿಂದ ನೋಡುತ್ತಿದ್ದೆ.

ಫೀಟಿಡಂ ಎಂದರೆ ನಾರುವುದು ಎಂದರ್ಥ. 1753ರಲ್ಲಿ ಲಿನೇಯಸ್ ಇಟ್ಟ ಹೆಸರು. ಈ ಹೆಸರು ನನಗೆ ಒಪ್ಪಿಗೆಯಿಲ್ಲ. ಆದರೆ ಹಾಗೆ ಅನಿಸುವವರು ಇದ್ದಾರೆ ಎನ್ನುವುದು ನಿಜ. ನನ್ನ ಮಗಳು ಚಿಕ್ಕವಳಿದ್ದಾಗ "ಅಮ್ಮ, ತಿಗಣೆ ವಾಸನೆ" ಎಂದು ತಟ್ಟೆ ಸರಿಸುತ್ತಿದ್ದಳು. ಅವಳ ಮೂಗು ತಪ್ಪು ಹೇಳಿರಲಿಲ್ಲ. ಕೊತ್ತಂಬರಿ ಸೊಪ್ಪಿಗೆ ಪರಿಮಳ ಕೊಡುವುದು ಆಲ್ಡಿಹೈಡ್ ಎಂಬ ಗುಂಪಿನ ರಾಸಾಯನಿಕಗಳು. ತಿಗಣೆ ಬಿಡುವ ವಾಸನೆಯಲ್ಲಿರುವುದೂ ಅದೇ ಗುಂಪಿನವು. ಕಾಡು ಕೊತ್ತಂಬರಿಯ ಎಣ್ಣೆಯಲ್ಲಿ ಅಂಥದ್ದೇ ಒಂದು ವಸ್ತು ಬಹಳ ದೊಡ್ಡ ಪಾಲಿನಲ್ಲಿದೆ. ಅದಕ್ಕೇ ಒಂದು ಕಟ್ಟು ಕೊತ್ತಂಬರಿ ಮಾಡುವ ಕೆಲಸವನ್ನು ಇದರ ಮೂರು ನಾಲ್ಕು ಎಲೆ ಮಾಡುತ್ತವೆ.

ಅಡುಗೆಯಲ್ಲಿ ಇದರ ದೊಡ್ಡ ಗುಣ ಇನ್ನೊಂದಿದೆ. ಬೆಂದರೂ ಪರಿಮಳ ಹೋಗುವುದಿಲ್ಲ. ಮಾಮೂಲಿ ಕೊತ್ತಂಬರಿಯನ್ನು ಒಲೆ ಆರಿಸಿದ ಮೇಲೆ ಉದುರಿಸುತ್ತೇವೆ ಅಲ್ವಾ? ಇದನ್ನು ಕುದಿಯುವಾಗಲೇ ಹಾಕಬೇಕು. ನಮ್ಮ ಮನೆಯಲ್ಲಿ ಏಡಿ ಸಾರಿಗೆ ಇದು ಇಲ್ಲದಿದ್ದರೆ ಅತ್ತೆ ಸಾರನ್ನೇ ಮಾಡುತ್ತಿರಲಿಲ್ಲ. ಗದ್ದೆ ನೆಟ್ಟಿಯ ದಿನಗಳಲ್ಲಿ ಹಳ್ಳದ ಏಡಿ ಬಂದರೆ, ಮೊದಲು ಯಾರಾದರೂ ಹಿತ್ತಿಲಿಗೆ ಓಡಬೇಕು. ಕೋಳಿ ಸಾರಿಗೆ ಮಸಾಲೆ ಅರೆಯುವಾಗ ಎರಡೆಲೆ ಕಲ್ಲಿಗೆ, ಎರಡೆಲೆ ಹೆಚ್ಚಿ ಪಾತ್ರೆಗೆ. ಕಡುಬಿನ ಜೊತೆ ಆ ಸಾರು, ಹೊರಗೆ ಹೆಂಚಿನ ಮೇಲೆ ಮಳೆ.

ನನಗೆ ಎಲ್ಲಕ್ಕಿಂತ ಇಷ್ಟ ಚಟ್ನಿ. ಐದಾರು ಎಳೆ ಎಲೆ, ನಾಲ್ಕು ಸೂಜಿಮೆಣಸು, ಒಂದು ಹಿಡಿ ಕಾಯಿತುರಿ, ಎರಡು ಎಸಳು ಬೆಳ್ಳುಳ್ಳಿ, ಒಂದು ಚೂರು ವಾಟೆಹುಳಿ, ಉಪ್ಪು. ಕಲ್ಲಿನಲ್ಲಿ ಅರೆದರೆ ಚೆನ್ನ. ಮಿಕ್ಸಿಯಾದರೆ ನೀರು ಹಾಕದೆ ತಿರುಗಿಸಿ. ಎಲೆಯ ಅಂಚಿನ ಮುಳ್ಳು ಎಳೆಯದಾಗಿದ್ದಾಗ ಮೆತ್ತಗಿರುತ್ತದೆ, ಬಲಿತರೆ ನಾಲಿಗೆಗೆ ಸಿಗುತ್ತದೆ. ಬಿಸಿ ಅಕ್ಕಿರೊಟ್ಟಿಗೆ ಇದನ್ನು ಹಚ್ಚಿಕೊಂಡು ತಿಂದ ನನ್ನ ತಮ್ಮ ಮೊದಲ ಸಲವೇ ಕೇಳಿದ, "ಅಕ್ಕ, ಇದರ ಬೀಜ ಕೊಡು."

ಆ ಬೀಜದ ಕತೆಗೆ ಆಮೇಲೆ ಬರುತ್ತೇನೆ.

ಇದನ್ನು "ಬೆಳೆಸುವುದು ಹೇಗೆ" ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ನಾನು ಇದನ್ನು ಬೆಳೆಸಿದ್ದಕ್ಕಿಂತ ಜಾಸ್ತಿ ಅದೇ ಬೆಳೆದುಕೊಂಡಿದೆ. ನಾನು ಕಲಿತದ್ದು ಎರಡು ಮೂರು ಮಾತು. ಬಿಸಿಲಿಗೆ ಬಿದ್ದ ಗಿಡ ಬೇಗ ಕಡ್ಡಿ ಎಬ್ಬಿಸಿ ಹೂ ಬಿಡುತ್ತದೆ. ಎಲೆ ಚಿಕ್ಕದಾಗಿ ಒರಟಾಗುತ್ತದೆ. ನೆರಳಿನಲ್ಲಿದ್ದರೆ ಹೂವಿಗೆ ಅವಸರವಿಲ್ಲ, ಎಲೆ ಉದ್ದಕ್ಕೆ, ಮೆತ್ತಗೆ ಬರುತ್ತದೆ. ನಮ್ಮಲ್ಲಿ ಬೇಸಿಗೆ ಏರಿದ ಹಾಗೆ ಕಡ್ಡಿಗಳು ಏಳಲು ಶುರು. ಎಲೆ ಬೇಕಾದವರು ಕಡ್ಡಿಯನ್ನು ಎಳೆಯದಾಗಿರುವಾಗಲೇ ಚಿವುಟಬೇಕು. ಗಿಡ ಬೇಕಾದವರು ಚಿವುಟದೆ ಬಿಡಬೇಕು. ನಾನು ನಾಲ್ಕು ಗಿಡದಲ್ಲಿ ಮೂರಕ್ಕೆ ಚಿವುಟುತ್ತೇನೆ, ಒಂದನ್ನು ಬಿಡುತ್ತೇನೆ.

ಬಿಟ್ಟ ಆ ಗಿಡವನ್ನು ನೋಡುವುದೇ ಒಂದು ಸುಖ. ಕಡ್ಡಿ ಕವಲೊಡೆಯುತ್ತದೆ, ಕವಲು ಮತ್ತೆ ಕವಲಾಗುತ್ತದೆ. ಪ್ರತಿ ತುದಿಗೂ ಮುಳ್ಳಿನ ಎಲೆಗಳ ಒಂದು ತಟ್ಟೆ, ತಟ್ಟೆಯ ನಡುವೆ ಚಿಕ್ಕ ಬೆರಳಿನ ತುದಿಯಷ್ಟು ಒಂದು ಹಸಿರು ಗುಬುಟು. ಹತ್ತಿರ ಹೋಗಿ ನೋಡಿದರೆ ಆ ಗುಬುಟಿನ ತುಂಬ ಹೂಗಳು, ಬಿಳಿ ಎಂದರೆ ಬಿಳಿ, ಹಸಿರು ಎಂದರೆ ಹಸಿರು. ಕೆಲವೇ ವಾರಗಳಲ್ಲಿ ಅದು ಕಂದಾಗಿ ಒಣಗುತ್ತದೆ. ಅಂಗೈಯಲ್ಲಿ ಹಿಸುಕಿದರೆ ರಾಗಿಗಿಂತ ಸಣ್ಣ ಬೀಜ ಉದುರುತ್ತದೆ. ಈ ಬೀಜಕ್ಕೆ ಮಣ್ಣು ಮುಚ್ಚಬಾರದು. ಸಡಿಲ ಮಣ್ಣಿನ ಮೇಲೆ ಉದುರಿಸಿ, ಕೈಯಿಂದ ಮೆಲ್ಲಗೆ ಒತ್ತಿ, ನೀರು ಚಿಮುಕಿಸಿ ಮರೆತುಬಿಡಬೇಕು. ಮೂರು ವಾರವಾದರೂ ಏನೂ ಕಾಣದೆ ಹೋಗಬಹುದು. ಅಲ್ಲಿಗೆ ಕೆದಕಿ ಬೇರೇನೋ ನೆಡುವವರೇ ಹೆಚ್ಚು. ಒಂದು ತಿಂಗಳು ಕಾಯಿರಿ. ಮೊಳಕೆ ಬಂದ ಮೇಲೆ ಬಸವನಹುಳುವಿನ ಕಾಟ ಇರುತ್ತದೆ. ಸಂಜೆ ಟಾರ್ಚ್ ಹಿಡಿದು ಆರಿಸುವುದು ಬಿಟ್ಟು ಬೇರೆ ದಾರಿ ನನಗೆ ಸಿಕ್ಕಿಲ್ಲ. ಶಿವಮೊಗ್ಗದಲ್ಲಿ ಬಾಡಿಗೆ ಮನೆಯಲ್ಲಿರುವ ನನ್ನ ಮಗಳು ಬಾಲ್ಕನಿಯ ಕುಂಡದಲ್ಲಿ ಇಟ್ಟಿದ್ದಾಳೆ. ಬೆಳಗಿನ ಎರಡು ಗಂಟೆ ಬಿಸಿಲು ಬಿಟ್ಟರೆ ಉಳಿದ ದಿನವೆಲ್ಲ ನೆರಳು. ಚೆನ್ನಾಗಿದೆ. ತಟ್ಟೆ ಸರಿಸುತ್ತಿದ್ದ ಹುಡುಗಿ ಈಗ ಮ್ಯಾಗಿಗೂ ಅದನ್ನು ಹೆಚ್ಚಿ ಹಾಕುತ್ತಾಳೆ.

ಕೆಲವು ವರ್ಷ ಕಳೆದ ಮೇಲೆ ಒಂದು ವಿಷಯ ಗಮನಿಸಿದೆ. ಈ ಗಿಡ ಎಲ್ಲಿ ಬರುತ್ತದೆ ಎಂದು ನೋಡಿದರೆ ನಮ್ಮ ಮನೆಯವರು ಎಲ್ಲಿ ನಡೆಯುತ್ತಾರೆ ಎಂದು ಗೊತ್ತಾಗುತ್ತದೆ. ಬಚ್ಚಲಿನಿಂದ ಕೊಟ್ಟಿಗೆಗೆ ಅತ್ತೆ ಕಲಗಚ್ಚಿನ ಬಕೆಟ್ ಹಿಡಿದು ಹೋಗುವ ದಾರಿಯ ಎರಡೂ ಬದಿ. ಬಾವಿಕಟ್ಟೆಯ ಹಿಂದೆ, ಚಪ್ಪಲಿಯ ಮಣ್ಣು ತೊಳೆಯುವ ಜಾಗ. ಗೊಬ್ಬರಗುಂಡಿಯ ಅಂಚು. ಸೂರಿನ ನೀರು ಬಿದ್ದು ಹರಿಯುವ ಗೆರೆ. ಒದ್ದೆ ಕಾಲಿಗೆ, ಸೀರೆಯ ಅಂಚಿಗೆ, ಕೆಸರಿಗೆ ಅಂಟಿಕೊಂಡು ಬೀಜ ಹೋಗುತ್ತಿತ್ತು. ನಾನು ಮಡಿ ಮಾಡಿ, ಸಾಲು ಹಿಡಿದು ಹಾಕಿದ ಕಡೆ ಎಂದೂ ಅಷ್ಟು ಚೆನ್ನಾಗಿ ಬಂದಿಲ್ಲ.

2019ರ ಆಗಸ್ಟಿನ ಮಳೆ ಮಲೆನಾಡಿನವರಿಗೆಲ್ಲ ನೆನಪಿರುತ್ತದೆ. ಆವಾಗ ನಮ್ಮ ಮನೆ ಹಿಂದಿನ ಧರೆ ಜರಿಯಿತು. ರಾತ್ರಿ ದೊಡ್ಡ ಸದ್ದು. ಬೆಳಗ್ಗೆ ನೋಡಿದರೆ ಅರ್ಧ ಹಿತ್ತಿಲು ಕೆಂಪು ಮಣ್ಣಿನಡಿ. ಬಾಳೆ ಇಲ್ಲ, ಬಸಳೆ ಚಪ್ಪರ ಇಲ್ಲ, ಕಾಡು ಕೊತ್ತಂಬರಿಯ ಒಂದು ಬುಡವೂ ಇಲ್ಲ. ಮನೆಗೆ ಏನೂ ಆಗಲಿಲ್ಲ, ಜನಕ್ಕೂ ಏನೂ ಆಗಲಿಲ್ಲ. ಹಾಗಿರುವಾಗ ಒಂದು ಸೊಪ್ಪಿಗಾಗಿ ಕಣ್ಣೀರು ಬಂತು ಎಂದು ಯಾರ ಮುಂದೆ ಹೇಳುವುದು? ಆದರೆ ಬಂತು. ಮಣ್ಣು ತೆಗೆಸಿ, ಕಲ್ಲು ಕಟ್ಟಿಸಿ ಮುಗಿಯುವಷ್ಟರಲ್ಲಿ ಅಡಿಕೆ ಕೊಯ್ಲು ಬಂದಿತ್ತು. ಒಂದು ದಿನ ಕೆಳಗಿನ ತೋಟದ ಬಸಿಗಾಲುವೆಯಲ್ಲಿ ದರಗು ತೆಗೆಯುತ್ತಿದ್ದೆ. ಕೈಗೆ ಪರಿಮಳ ಅಡರಿತು. ಕಾಲುವೆಯ ಗೋಡೆಗೆ ಅಂಟಿಕೊಂಡು, ಒಂದೆಲಗದ ನಡುವೆ, ಹನ್ನೊಂದು ಗಿಡ. ಹಿತ್ತಿಲಿನ ಮಣ್ಣಿನ ಜೊತೆಗೇ ನೀರು ಅವುಗಳನ್ನೂ ಇಳಿಸಿಕೊಂಡು ಬಂದಿತ್ತು. ಎಣಿಸಿದೆ, ಮತ್ತೆ ಎಣಿಸಿದೆ. ಮೇಲೆ ಬಂದು ಅತ್ತೆಗೆ ಹೇಳಿದೆ. "ನಾ ಹೇಳಿರ್ಲಿಲ್ವ" ಎಂದರು. ಹದಿನಾರು ವರ್ಷದ ಹಿಂದಿನ ಮಾತು ಅವರಿಗೂ ನೆನಪಿತ್ತು.

ಈ ಗಿಡ ನಮ್ಮ ಕಾಡಿನದು ಎಂದೇ ನಾನು ಬಹಳ ವರ್ಷ ನಂಬಿದ್ದೆ. ಹೆಸರಲ್ಲೇ ಕಾಡು ಇದೆಯಲ್ಲ. ಓದಿದ ಮೇಲೆ ತಿಳಿಯಿತು, ಇದರ ತವರು ಮೆಕ್ಸಿಕೊ, ಮಧ್ಯ ಅಮೆರಿಕ, ದಕ್ಷಿಣ ಅಮೆರಿಕ ಮತ್ತು ಕೆರಿಬಿಯನ್ ದ್ವೀಪಗಳು. ನಮ್ಮ ಮೆಣಸಿನಕಾಯಿ, ಗೇರು, ಅನಾನಸ್ ಬಂದ ಕಡೆಯಿಂದಲೇ ಇದೂ ಬಂದದ್ದು. ಆಮೇಲೆ ಇದರ ಹೆಸರುಗಳನ್ನು ಹುಡುಕುತ್ತಾ ಹೋದೆ. ಕೇರಳದಲ್ಲಿ ಇದನ್ನು ಆಫ್ರಿಕನ್ ಮಲ್ಲಿ ಎನ್ನುತ್ತಾರೆ. ಮಣಿಪುರದಲ್ಲಿ ಇದು ಅವಾ ಫಡಿಗೊಮ್, ಅಂದರೆ ಬರ್ಮಾದ ಕೊತ್ತಂಬರಿ. ಥಾಯ್ಲೆಂಡಿನಲ್ಲಿ ಫಕ್ ಚೀ ಫರಂಗ್, ಅಂದರೆ ಪರಂಗಿಯವರ ಕೊತ್ತಂಬರಿ. ನಾವು ಕಾಡಿನದು ಎಂದೆವು. ಯಾರೂ ಇದನ್ನು ತಮ್ಮದು ಎಂದಿಲ್ಲ. ಆದರೆ ಎಲ್ಲರ ಮನೆಯ ಸಾರಿನಲ್ಲೂ ಇದು ಕುದಿಯುತ್ತಿದೆ.

ಆ ಹೆಸರುಗಳಲ್ಲಿ ಒಂದು ಮಾತ್ರ ನನ್ನನ್ನು ಬಹಳ ಕಾಡಿತು. ಟ್ರಿನಿಡಾಡ್ ದ್ವೀಪಕ್ಕೆ 1845ರಿಂದ ಶುರುವಾಗಿ ನಮ್ಮ ದೇಶದ ಜನರನ್ನು ಕಬ್ಬಿನ ತೋಟದ ಕೂಲಿಗೆ ಕರಾರು ಬರೆಸಿಕೊಂಡು ಹಡಗಿನಲ್ಲಿ ಒಯ್ದರು. ಹೆಚ್ಚಿನವರು ಭೋಜ್‌ಪುರಿ ಮಾತಾಡುವ ಸೀಮೆಯವರು. ಅಲ್ಲಿ ಈ ಗಿಡ ಮೊದಲಿಂದಲೂ ಇತ್ತು, ಅದು ಅದರ ತವರು. ಅಲ್ಲಿಯ ಜನ ಅದನ್ನು ಶಾಡೊ ಬೆನಿ ಎನ್ನುತ್ತಿದ್ದರು. ಹಡಗಿಳಿದು ಬಂದವರು ಯಾವುದೋ ಬೇಲಿಯ ಬದಿಯಲ್ಲಿ ಇದನ್ನು ತುಳಿದಿರಬೇಕು. ಊರಿನ ಪರಿಮಳ ಬಂದಿರಬೇಕು. ಅವರು ಇಟ್ಟ ಹೆಸರು ಬನ್ ಧನಿಯಾ. ಅಂದರೆ ಕಾಡು ಕೊತ್ತಂಬರಿ. ಇವತ್ತಿಗೂ ಅಲ್ಲಿ ಆ ಹೆಸರು ಇದೆ. ಇಲ್ಲಿ ಗಿಡ ಹೊರಗಿನದು, ಜನ ಊರಿನವರು. ಅಲ್ಲಿ ಗಿಡ ಊರಿನದು, ಜನ ಹೊರಗಿನವರು. ಎರಡೂ ಕಡೆ ಬಾಯಿಗೆ ಬಂದದ್ದು ಒಂದೇ ಹೆಸರು. ಇದನ್ನು ಓದಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ಕತ್ತಿ ಹಿಡಿದು ಬಾಳೆಬುಡದಲ್ಲಿ ಕೂತಿದ್ದ ಆ ಮೊದಲ ಮಳೆಗಾಲ ನೆನಪಾಗುತ್ತಿತ್ತು.

ಇನ್ನೊಂದು ಮಾತನ್ನೂ ಹೇಳಬೇಕು. ಅಮೆರಿಕದ ಕಡೆಯಿಂದ ಬಂದ ಎಲ್ಲ ಗಿಡವೂ ನಮ್ಮ ಪಾಲಿಗೆ ಒಳ್ಳೆಯದಾಗಲಿಲ್ಲ. ಲಂಟಾನ ಬಂತು, ಯುಪಟೋರಿಯಂ ಬಂತು. ನಮ್ಮ ಸೊಪ್ಪಿನಬೆಟ್ಟದ ಅಂಚು ಇಂದು ಏನಾಗಿದೆ ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಕಾಡು ಕೊತ್ತಂಬರಿ ಹಾಗೆ ಮೇಲೆ ಬಿದ್ದು ಬೇರೆ ಗಿಡವನ್ನು ಮುಚ್ಚಿದ್ದನ್ನು ನಾನು ಕಂಡಿಲ್ಲ. ನಮ್ಮಲ್ಲಿ ಅದು ತೇವದ ನೆರಳು ಬಿಟ್ಟು ಹೋಗುವುದಿಲ್ಲ. ಆದರೂ ಒಣಗಿದ ಕಡ್ಡಿಗಳನ್ನು ನಾನು ಬೆಟ್ಟದ ಕಡೆ ಎಸೆಯುವುದಿಲ್ಲ, ಹಳ್ಳಕ್ಕೂ ಹಾಕುವುದಿಲ್ಲ. ಅಂಗಳದ ಗಿಡ ಅಂಗಳದಲ್ಲಿರಲಿ. ಇದನ್ನು ಬೆಳೆಸುವ ಎಲ್ಲರಿಗೂ ಇಷ್ಟು ಎಚ್ಚರ ಇರಲಿ ಎಂದು ನನ್ನ ಆಸೆ.

ಈಗ ತಮ್ಮನ ಬೀಜದ ಕತೆ. ಮೊದಲ ಸಲ ಬೀಜ ಬೇಡ ಎಂದು ಗಿಡವನ್ನೇ ಮಣ್ಣುಸಮೇತ ಅಡಿಕೆ ಹಾಳೆಯಲ್ಲಿ ಕಟ್ಟಿ ಕೊಟ್ಟೆ. ಹರಿಹರದ ಶಿವರಾತ್ರಿ ಬಿಸಿಲಿಗೆ ಎಂಟೇ ದಿನ. ಎರಡನೇ ಸಲ ಬೀಜ ಕೊಟ್ಟೆ. ತಾರಸಿಯ ಮೇಲೆ ಕುಂಡದಲ್ಲಿ ಹಾಕಿದ್ದರು. ಎಲೆ ಹೆಬ್ಬೆರಳಿನಷ್ಟು ಉದ್ದ ಬರುವ ಮೊದಲೇ ಕಡ್ಡಿ ಎದ್ದು, ಮುಳ್ಳಾಗಿ ಮುಗಿಯಿತು. "ಈ ಗಿಡಕ್ಕೆ ನಮ್ಮೂರು ಆಗಿಬರಲ್ಲ" ಎಂದ ತಮ್ಮ. ಮೂರನೇ ಸಲ ನಾನೇ ಹೋದೆ. ಅಮ್ಮನ ಬಚ್ಚಲು ನೀರು ಹೋಗುವ ಕಡೆ ಒಂದು ಹಳೆಯ ಬಾಳೆಗುಂಪು ಇದೆ. ಅದರ ಬಡಗಣ ಬದಿಯಲ್ಲಿ ದಿನವಿಡೀ ನೆರಳು. ಮಣ್ಣು ಗಟ್ಟಿ ಎರೆ. ಅದಕ್ಕೆ ಎರಡು ಬುಟ್ಟಿ ಹಳೆಯ ಸಗಣಿ ಗೊಬ್ಬರ, ಒಂದಿಷ್ಟು ಮರಳು ಬೆರೆಸಿ ಸಡಿಲ ಮಾಡಿದೆ. ಒಣ ಕಡ್ಡಿಗಳನ್ನು ಕೈಯಲ್ಲಿ ಹಿಡಿದು ಅತ್ತೆ ಮಾಡಿದ ಹಾಗೆ ಗೋಡೆಯ ಉದ್ದಕ್ಕೂ ನಡೆಯುತ್ತಾ ಕೊಡವಿದೆ. ಅಮ್ಮ ಜಗಲಿಯಲ್ಲಿ ಕೂತು ನೋಡುತ್ತಿದ್ದಳು.

ಅಲ್ಲಿಂದ ಹೊಳೆ ಕಾಣುತ್ತದೆ. ನಮ್ಮ ತೋಟದ ಬಸಿಗಾಲುವೆಯ ನೀರು ಹಳ್ಳಕ್ಕೆ ಹೋಗಿ, ಹಳ್ಳ ತುಂಗೆಗೆ ಸೇರಿ, ತುಂಗೆ ಶಿವಮೊಗ್ಗ ದಾಟಿ ಕೂಡಲಿಯಲ್ಲಿ ಭದ್ರೆಯನ್ನು ಕೂಡಿ, ಕೊನೆಗೆ ಹರಿಹರಕ್ಕೆ ಬರುತ್ತದೆ. ಮಳೆಗಾಲದಲ್ಲಿ ಆ ಕೆಂಪು ನೀರು ನೋಡಿದಾಗಲೆಲ್ಲ ನಮ್ಮ ಧರೆಯ ಮಣ್ಣೂ ಇದರಲ್ಲಿ ಇರಬಹುದು ಅನಿಸುತ್ತದೆ.

ಆ ವರ್ಷ ಮೂರು ಗಿಡ ಬಂದವು. ಮರುವರ್ಷ ಅಮ್ಮ ಎಣಿಸುವುದು ಬಿಟ್ಟಳು. ಈಗ ಬಚ್ಚಲಿನಿಂದ ಒಗೆಯುವ ಕಲ್ಲಿನವರೆಗೂ ಇದೆಯಂತೆ. ಪಕ್ಕದ ಮನೆಯವರು ಕೇಳಿ ಒಯ್ದಿದ್ದಾರೆ, ಅವರ ಬೀಗರೂ ಒಯ್ದಿದ್ದಾರೆ. ಆ ಓಣಿಯಲ್ಲಿ ಅದಕ್ಕೆ ಕಾಡು ಕೊತ್ತಂಬರಿ ಎಂದು ಯಾರೂ ಅನ್ನುವುದಿಲ್ಲ. ಅದರ ಹೆಸರು ತೀರ್ಥಹಳ್ಳಿ ಕೊತ್ತಂಬರಿ.

ಹೋದ ವಾರ ತಮ್ಮನ ಹೆಂಡತಿ ಫೋನ್ ಮಾಡಿದ್ದಳು. ಅತ್ತೆ ಪಕ್ಕದಲ್ಲೇ ಕೂತಿದ್ದರು. ಅವರಿಗೀಗ ಎಂಬತ್ತು ದಾಟಿದೆ. ಬಗ್ಗಲು ಆಗುವುದಿಲ್ಲ, ಎಲೆ ಬೇಕಾದರೆ ಕೋಲಿನಲ್ಲಿ ತೋರಿಸುತ್ತಾರೆ. ಫೋನನ್ನು ಸ್ಪೀಕರಿಗೆ ಹಾಕಿದೆ.

"ಅಕ್ಕ, ನಿಮ್ಮ ತೀರ್ಥಹಳ್ಳಿ ಕೊತ್ತಂಬರಿ ಕಡ್ಡಿ ಎದ್ದು ಮುಳ್ಳಾಗೇತಿ. ಹುಡುಗರ ಕಾಲಿಗೆ ಚುಚ್ಚತೈತಿ. ಕಿತ್ತು ಹಾಕಲೇನು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಫೋನಿನ ಕಡೆ ಬಾಗಿದರು.

"ಒಂದು ಬಿಡು" ಎಂದರು. "ಗ್ವಾಡೆ ಬದಿದು ಬಿಡು."